ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್: ಪರದೆಯ ಮೇಲಿನ ಅಂಕಿಯನ್ನು ಯಾವಾಗ ನಂಬಬೇಕು?

ಪ್ಯಾರಸಿಟಮಾಲ್ 500 ಎಂದು ಅಚ್ಚಾದ ಮಾತ್ರೆಯಲ್ಲಿ ನಿಜಕ್ಕೂ 500 ಮಿಲಿಗ್ರಾಂ ಔಷಧ ಇದೆಯೇ? ಬಿ.ಫಾರ್ಮಾ ಓದುವವರಿಗೂ ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವರಿಗೂ ಚಿರಪರಿಚಿತವಾದ ಈ ಪರೀಕ್ಷೆಯನ್ನು ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ಬಳಸಿ ಮಾಡುತ್ತಾರೆ. ದ್ರಾವಣ ತುಂಬಿದ ಕ್ಯುವೆಟ್ (ಚೌಕಾಕಾರದ ಸಣ್ಣ ಪಾರದರ್ಶಕ ಪಾತ್ರೆ) ಇಟ್ಟು ಗುಂಡಿ ಒತ್ತಿದರೆ ಕ್ಷಣಾರ್ಧದಲ್ಲಿ ಅಬ್ಸಾರ್ಬೆನ್ಸ್ ಎಂದು ಕರೆಯುವ, 0.528 ಎಂಬಂಥ ಒಂದು ಅಂಕಿ ಬರುತ್ತದೆ. ಕ್ಯುವೆಟ್ ಮೇಲೆ ಬೆರಳಚ್ಚು ಇದ್ದರೂ ಬರುತ್ತದೆ, ದ್ರಾವಣ ಮಬ್ಬಾಗಿದ್ದರೂ ಬರುತ್ತದೆ, ದೀಪದ ಆಯಸ್ಸು ಮುಗಿಯುತ್ತಿದ್ದರೂ ಬರುತ್ತದೆ, ಮೂರು ದಶಮಾಂಶ ಸ್ಥಾನಗಳ ಸಮೇತ. ಏಕೆಂದರೆ ಈ ಉಪಕರಣ ಔಷಧವನ್ನು ಅಳೆಯುವುದಿಲ್ಲ. ಕಳಿಸಿದ ಬೆಳಕಿನಲ್ಲಿ ಎಷ್ಟು ಪಾಲು ಬೆಳಕು ಗ್ರಹಿಸುವ ಡಿಟೆಕ್ಟರ್ ಮುಟ್ಟಿತು ಎಂಬುದನ್ನಷ್ಟೇ ಅಳೆಯುತ್ತದೆ. ಮುಟ್ಟದೆ ಹೋದ ಬೆಳಕನ್ನು ನಮಗೆ ಬೇಕಾದ ಅಣುವೇ ಹೀರಿಕೊಂಡಿತೋ, ಇನ್ನೇನೋ ಅಡ್ಡ ಬಂತೋ ಎಂದು ತೀರ್ಮಾನಿಸುವುದು ಅದನ್ನು ಬಳಸುವವರ ಕೆಲಸ. ಈ ಉಪಕರಣದಲ್ಲಿ ಆಗುವ ಹೆಚ್ಚುಕಡಿಮೆ ಎಲ್ಲ ತಪ್ಪುಗಳೂ ಇದೊಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಇರುವುದರಿಂದ ಹುಟ್ಟುತ್ತವೆ.

ಅಬ್ಸಾರ್ಬೆನ್ಸ್ ಎಂದರೆ ಎಷ್ಟು ಬೆಳಕು?

ದ್ರಾವಣದ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಆಚೆ ದಾಟಿದರೆ ಅಬ್ಸಾರ್ಬೆನ್ಸ್ 1. ನೂರರಲ್ಲಿ ಒಂದು ದಾಟಿದರೆ 2, ಸಾವಿರದಲ್ಲಿ ಒಂದು ದಾಟಿದರೆ 3. ಅರ್ಧ ದಾಟಿದರೆ ಸುಮಾರು 0.3. ಈ ಲಾಗರಿದಮ್ ಲೆಕ್ಕಕ್ಕೆ ಕಾರಣವಿದೆ. ದ್ರಾವಣದ ಮೊದಲ ಮಿಲಿಮೀಟರ್ ಅರ್ಧ ಬೆಳಕನ್ನು ಹೀರಿದರೆ, ಎರಡನೆಯ ಮಿಲಿಮೀಟರ್ ಉಳಿದದ್ದರಲ್ಲಿ ಅರ್ಧವನ್ನು ಹೀರುತ್ತದೆ, ಮೂರನೆಯದು ಅದರಲ್ಲೂ ಅರ್ಧವನ್ನು. ದಾಟಿದ ಬೆಳಕು ಹೀಗೆ ಗುಣಾಕಾರದಲ್ಲಿ ಇಳಿಯುತ್ತದೆ. ಅದರ ಲಾಗ್ ತೆಗೆದರೆ ಇಳಿಕೆ ನೇರ ಗೆರೆಯಾಗುತ್ತದೆ. ಬೆಳಕು ಸಾಗುವ ದಪ್ಪಕ್ಕೆ ಈ ನಿಯಮ ಅನ್ವಯಿಸುವುದನ್ನು ಬೂಗೆರ್ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ ಹೇಳಿದರು. ಸಾರತೆಯನ್ನು, ಅಂದರೆ ದ್ರಾವಣದಲ್ಲಿ ವಸ್ತು ಎಷ್ಟು ದಟ್ಟವಾಗಿದೆ ಎಂಬುದನ್ನು, ಸೇರಿಸಿದ್ದು 1852ರಲ್ಲಿ ಬಿಯರ್. ಅಬ್ಸಾರ್ಬೆನ್ಸ್ ಎಂದರೆ ಆ ವಸ್ತುವಿನ ಹೀರುವ ಗುಣಾಂಕ, ಸಾರತೆ ಮತ್ತು ಕ್ಯುವೆಟ್‌ನೊಳಗೆ ಬೆಳಕು ಸಾಗಿದ ಉದ್ದ, ಈ ಮೂರರ ಗುಣಲಬ್ಧ.

ಇದರಿಂದ ಒಂದು ಪ್ರಾಯೋಗಿಕ ಮಾತು ತಾನಾಗಿಯೇ ಹೊರಡುತ್ತದೆ. ರೀಡಿಂಗ್ 0.2 ಮತ್ತು 0.8ರ ನಡುವೆ ಬರುವಂತೆ ದ್ರಾವಣ ಮಾಡಿಕೊಳ್ಳಬೇಕು. 0.05 ರೀಡಿಂಗ್‌ನಲ್ಲಿ 0.002 ಏರುಪೇರಾದರೆ ಅದು ಶೇ. 4ರ ತಪ್ಪು, 0.5ರಲ್ಲಿ ಅದೇ ಏರುಪೇರು ಶೇ. 0.4 ಮಾತ್ರ. ಮೇಲ್ತುದಿಯಲ್ಲಿ ಬೇರೆಯದೇ ತೊಂದರೆಯಿದೆ, ಅದನ್ನು ಮುಂದೆ ನೋಡೋಣ.

ಪೆಟ್ಟಿಗೆಯೊಳಗೆ

ಹೆಚ್ಚಿನ ಉಪಕರಣಗಳಲ್ಲಿ ಎರಡು ದೀಪಗಳಿರುತ್ತವೆ. 190ರಿಂದ ಸುಮಾರು 350 ನ್ಯಾನೋಮೀಟರ್ ತರಂಗದೂರದವರೆಗಿನ ನೇರಳಾತೀತ ಭಾಗಕ್ಕೆ ಡ್ಯುಟೀರಿಯಂ ದೀಪ, ಅಲ್ಲಿಂದ 1100ರವರೆಗೆ ಟಂಗ್‌ಸ್ಟನ್-ಹ್ಯಾಲೊಜನ್ ದೀಪ. 340-360ರ ಆಸುಪಾಸಿನಲ್ಲಿ ದೀಪ ಬದಲಾಗುವಾಗ, ತರಂಗದೂರ ಬದಲಿಸುತ್ತಾ ಓದಿಸಿದ ಸ್ಕ್ಯಾನ್ ಗೆರೆಯಲ್ಲಿ ಒಂದು ಸಣ್ಣ ಮೆಟ್ಟಿಲು ಕಾಣಿಸುವುದುಂಟು. ಅದು ನಿಮ್ಮ ಸಂಯುಕ್ತದ ಲಕ್ಷಣವಲ್ಲ; ಅದನ್ನು ಪ್ರಬಂಧದಲ್ಲಿ ಶೋಲ್ಡರ್ (ಶಿಖರದ ಬದಿಯ ಉಬ್ಬು) ಎಂದು ವಿವರಿಸಲು ಹೋಗಬೇಡಿ. ಬೆಳಕು ಕಿರಿದಾದ ಸ್ಲಿಟ್ ಮೂಲಕ ಹೊಕ್ಕು ಗ್ರೇಟಿಂಗ್ (ಸೂಕ್ಷ್ಮ ಗೀರುಗಳ ಫಲಕ) ಮೇಲೆ ಬಿದ್ದು ಬಣ್ಣಬಣ್ಣವಾಗಿ ಹರಡುತ್ತದೆ. ಅದರಲ್ಲಿ ಬೇಕಾದ ಪಟ್ಟಿ ಮಾತ್ರ ಇನ್ನೊಂದು ಸ್ಲಿಟ್‌ನಿಂದ ಹೊರಬಂದು ಮಾದರಿಯನ್ನು ಹಾದು ಡಿಟೆಕ್ಟರ್ ಸೇರುತ್ತದೆ. ಡಿಟೆಕ್ಟರ್ ಸಾಮಾನ್ಯವಾಗಿ ಸಿಲಿಕಾನ್ ಫೋಟೋಡಯೋಡ್. ದುಬಾರಿ ಉಪಕರಣಗಳಲ್ಲಿ ಫೋಟೋಮಲ್ಟಿಪ್ಲೈಯರ್ ಟ್ಯೂಬ್.

ಡಬಲ್ ಬೀಮ್ ಉಪಕರಣ ಬೆಳಕನ್ನು ಎರಡಾಗಿಸಿ ಒಂದನ್ನು ಮಾದರಿಗೂ ಇನ್ನೊಂದನ್ನು ಬ್ಲ್ಯಾಂಕ್‌ಗೂ (ಅಳೆಯುವ ವಸ್ತುವಿಲ್ಲದ ಬರೀ ದ್ರಾವಕ) ಕಳಿಸುತ್ತದೆ; ದೀಪ ತುಸು ಮಂಕಾದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಮಂಕಾಗುವುದರಿಂದ ಅನುಪಾತ ಕೆಡುವುದಿಲ್ಲ. ಸಿಂಗಲ್ ಬೀಮ್‌ನಲ್ಲಿ ಆ ರಕ್ಷಣೆಯಿಲ್ಲ. ಬ್ಲ್ಯಾಂಕ್ ಓದಿಸಿ, ಚಹಾ ಕುಡಿದು ಬಂದು ಮಾದರಿ ಇಟ್ಟರೆ ಆ ನಡುವೆ ದೀಪದಲ್ಲಾದ ಬದಲಾವಣೆಯೂ ಸಾರತೆಯ ಲೆಕ್ಕಕ್ಕೆ ಸೇರುತ್ತದೆ. ಯಾವುದೇ ಉಪಕರಣವಾದರೂ ಡ್ಯುಟೀರಿಯಂ ದೀಪ ಹತ್ತಿದ ಮೇಲೆ ಅರ್ಧ ಗಂಟೆ ಕಾಯುವುದು ಕಾಲಹರಣವಲ್ಲ.

ಮಾತ್ರೆಯಿಂದ ಅಂಕಿಗೆ

ಈಗ ಪ್ಯಾರಸಿಟಮಾಲ್‌ಗೆ ಬರೋಣ. ಇಪ್ಪತ್ತು ಮಾತ್ರೆ ತೂಗಿ ಸರಾಸರಿ ತೆಗೆದು, ನುಣ್ಣಗೆ ಅರೆಯಬೇಕು. ಸರಾಸರಿ ತೂಕ 580 ಮಿಲಿಗ್ರಾಂ ಎಂದುಕೊಳ್ಳಿ. 150 ಮಿಲಿಗ್ರಾಂ ಔಷಧಕ್ಕೆ ಸಮನಾದ ಪುಡಿ ಎಂದರೆ 174 ಮಿಲಿಗ್ರಾಂ. ಅದನ್ನು 200 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ ಹಾಕಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿ.ಲೀ., ನೀರು 100 ಮಿ.ಲೀ. ಸೇರಿಸಿ ಹದಿನೈದು ನಿಮಿಷ ಅಲುಗಾಡಿಸಿ, ಗುರುತಿನವರೆಗೆ ನೀರು ತುಂಬಿ ಸೋಸಬೇಕು. ಸೋಸಿದ ದ್ರಾವಣದ 10 ಮಿ.ಲೀ. ತೆಗೆದು ನೀರಿನಲ್ಲಿ 100ಕ್ಕೆ ಏರಿಸಬೇಕು. ಅದರ 10 ಮಿ.ಲೀ.ಗೆ ಮತ್ತೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 10 ಮಿ.ಲೀ. ಸೇರಿಸಿ ಇನ್ನೊಮ್ಮೆ 100ಕ್ಕೆ ಏರಿಸಬೇಕು. ಈ ಕೊನೆಯ ದ್ರಾವಣವನ್ನು 257 ನ್ಯಾನೋಮೀಟರ್‌ನಲ್ಲಿ ಓದಿಸಬೇಕು. ಬ್ಲ್ಯಾಂಕ್ ಬರೀ ನೀರಲ್ಲ, 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್.

100 ಮಿ.ಲೀ.ಯಲ್ಲಿ 1 ಗ್ರಾಂ ಪ್ಯಾರಸಿಟಮಾಲ್ ಇದ್ದು ಬೆಳಕು 1 ಸೆಂಟಿಮೀಟರ್ ಸಾಗಿದರೆ ಬರಬೇಕಾದ ಅಬ್ಸಾರ್ಬೆನ್ಸ್ 715 ಎಂದು ಫಾರ್ಮಕೋಪಿಯಾ (ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥ) ನಿಗದಿ ಮಾಡಿದೆ. ಅಂಥ ದ್ರಾವಣವನ್ನು ಯಾರೂ ಓದಿಸುವುದಿಲ್ಲ, ಅದು ಲೆಕ್ಕಕ್ಕಾಗಿ ಇರುವ ಸಂಖ್ಯೆ. 0.528ನ್ನು 715ರಿಂದ ಭಾಗಿಸಿದರೆ 100 ಮಿ.ಲೀ.ಗೆ 0.000738 ಗ್ರಾಂ, ಅಂದರೆ ಮಿ.ಲೀ.ಗೆ 7.38 ಮೈಕ್ರೋಗ್ರಾಂ. ಎರಡು ಸಲ ಹತ್ತು ಪಟ್ಟು ತೆಳುವಾಗಿಸಿದ್ದೇವೆ, ಮೂಲ ಪರಿಮಾಣ 200 ಮಿ.ಲೀ.; ಗುಣಿಸಿದರೆ 147.7 ಮಿಲಿಗ್ರಾಂ. 150 ಇರಬೇಕಾದಲ್ಲಿ 147.7 ಇದೆ, ಶೇ. 98.5. ಮಾತ್ರೆಯೊಂದಕ್ಕೆ 492 ಮಿಲಿಗ್ರಾಂ. ಶೇ. 95ರಿಂದ 105ರ ಮಿತಿಯೊಳಗಿರುವುದರಿಂದ ಪಾಸ್.

ಎರಡನೆಯ ಸಲ ಕ್ಷಾರ ಸೇರಿಸುವುದನ್ನು ಮರೆಯುವವರು ಬಹಳ. ಮೊದಲೇ ಹಾಕಿದ್ದೇವಲ್ಲ ಎಂಬ ಸಮಾಧಾನ. ಆದರೆ 257ರಲ್ಲಿ ಇಷ್ಟು ಜೋರಾಗಿ ಹೀರುವುದು ಪ್ರೋಟಾನ್ ಕಳೆದುಕೊಂಡ ಪ್ಯಾರಸಿಟಮಾಲ್ ಅಯಾನು. ಪ್ರೋಟಾನ್ ಉಳಿಸಿಕೊಂಡ ಅಣುವಿನ ಶಿಖರ 243ರ ಹತ್ತಿರ ಇರುತ್ತದೆ. ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನ್ ಕಳೆದುಕೊಂಡಿರುವ ಪಿಎಚ್, ಸುಮಾರು 9.5. ಮೊದಲು ಹಾಕಿದ ಕ್ಷಾರ ನೂರು ಪಟ್ಟು ತೆಳುವಾದ ಮೇಲೆ ಪಿಎಚ್ 10.3ರ ಸುತ್ತಮುತ್ತ ನಿಲ್ಲುತ್ತದೆ, ಅಲ್ಲಿ ಶೇ. 86ರಷ್ಟು ಅಣುಗಳು ಮಾತ್ರ ಅಯಾನು ರೂಪದಲ್ಲಿರುತ್ತವೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿದಷ್ಟೂ ಪಿಎಚ್ ಇನ್ನೂ ಇಳಿಯುತ್ತದೆ. ಮಾತ್ರೆ ಸರಿಯಿದ್ದರೂ ಔಷಧ ಕಡಿಮೆಯಿದೆ ಎಂಬ ತೀರ್ಪು ಬರುತ್ತದೆ. 10 ಮಿ.ಲೀ. ಕ್ಷಾರ ಸೇರಿಸಿದರೆ ಪಿಎಚ್ 12ಕ್ಕೆ ಏರಿ, ಹೆಚ್ಚುಕಡಿಮೆ ಪೂರ್ತಿ ಅಯಾನು ರೂಪಕ್ಕೆ ಬರುತ್ತದೆ. ವಿಧಾನದಲ್ಲಿ ಬರೆದ ಪ್ರತಿ ಸಾಲಿನ ಹಿಂದೆ ಇಂಥದೊಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಿ ತಿಳಿದುಕೊಂಡವರ ಕೈಯಲ್ಲಿ ಫಲಿತಾಂಶ ಕೆಡುವುದು ಕಡಿಮೆ.

ಕ್ಯುವೆಟ್

257ರಲ್ಲಿ ಓದಬೇಕಾದರೆ ಕ್ವಾರ್ಟ್ಜ್ ಕ್ಯುವೆಟ್ ಬೇಕೇ ಬೇಕು. ಸಾದಾ ಗಾಜು ಮತ್ತು ಪಾಲಿಸ್ಟೈರೀನ್ ಸುಮಾರು 340ಕ್ಕಿಂತ ಕೆಳಗಿನ ಬೆಳಕನ್ನು ತಾವೇ ನುಂಗುತ್ತವೆ. ನೋಡಲು ಗಾಜೂ ಕ್ವಾರ್ಟ್ಜೂ ಒಂದೇ ತರಹ, ಡ್ರಾಯರಿನಲ್ಲಿ ಬೆರೆತುಹೋಗಿರುತ್ತವೆ. ಗುರುತಿಸಲು ಸುಲಭದ ದಾರಿ: ಖಾಲಿ ಕ್ಯುವೆಟನ್ನು ಗಾಳಿಯ ಎದುರು 240 ನ್ಯಾನೋಮೀಟರ್‌ನಲ್ಲಿ ಓದಿಸಿ. ಕ್ವಾರ್ಟ್ಜ್ ಆದರೆ 0.1ರ ಆಸುಪಾಸು ಬರುತ್ತದೆ. ಅದು ಅದರ ನಾಲ್ಕು ಮೇಲ್ಮೈಗಳು ಪ್ರತಿಫಲಿಸಿದ ಬೆಳಕಿನ ನಷ್ಟ. ಗಾಜಾದರೆ ಅಂಕಿ ಮೇಲಕ್ಕೆ ಹಾರುತ್ತದೆ. ಗಾಜಿನ ಕ್ಯುವೆಟ್‌ನಲ್ಲೇ ಬ್ಲ್ಯಾಂಕ್ ಸೊನ್ನೆ ಮಾಡಿ ಮುಂದುವರಿದರೆ ಉಪಕರಣ ತಕರಾರು ಮಾಡದೆ ಸೊನ್ನೆ ತೋರಿಸುತ್ತದೆ, ನಂತರ ಬರುವುದೆಲ್ಲ ಬರೀ ನಾಯ್ಸ್, ಅರ್ಥವಿಲ್ಲದ ಏರುಪೇರು.

ಕ್ಯುವೆಟ್‌ಗೆ ಎರಡು ಪಾರದರ್ಶಕ ಮುಖ, ಎರಡು ಮಸುಕು ಮುಖ. ಹಿಡಿಯುವುದು ಮಸುಕು ಮುಖದಲ್ಲಿ. ಬೆರಳಿನ ಎಣ್ಣೆ, ಬೆವರಿನ ಪ್ರೋಟೀನ್ ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುತ್ತವೆ, ಕಣ್ಣಿಗೆ ಕಾಣದಷ್ಟಿದ್ದರೂ ಸಾಕು. ಓದಿಸಬೇಕಾದ ದ್ರಾವಣದಿಂದಲೇ ಮೂರು ಸಲ ತೊಳೆದು, ಮುಕ್ಕಾಲು ಭಾಗ, ಅಂದರೆ ಸುಮಾರು 3 ಮಿ.ಲೀ. ತುಂಬಿ, ಗೋಡೆಗೆ ಗುಳ್ಳೆ ಅಂಟಿಲ್ಲವೆಂದು ನೋಡಿಕೊಂಡು, ಲೆನ್ಸ್ ಟಿಶ್ಯೂನಿಂದ ಒರೆಸಿ ಇಡಬೇಕು. ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ಹಾಗೇ ಇಟ್ಟರೆ, ನಮ್ಮ ಮಳೆಗಾಲದ ತೇವದಲ್ಲಂತೂ, ಹೊರಮೈ ಮೇಲೆ ಇಬ್ಬನಿ ಕಟ್ಟಿ ರೀಡಿಂಗ್ ಏರುತ್ತಲೇ ಹೋಗುತ್ತದೆ. ಕ್ಯುವೆಟನ್ನು ಪ್ರತಿಸಲ ಒಂದೇ ದಿಕ್ಕಿಗೆ ಇಡಬೇಕು. ಮೂಲೆಯಲ್ಲಿರುವ ಸಣ್ಣ ಗುರುತು ಅದಕ್ಕೇ.

ತೊಳೆಯಲು ನೀರು, ಆಮೇಲೆ ಎಥನಾಲ್, ಅದಕ್ಕೂ ಬಿಡದಿದ್ದರೆ ತೆಳು ನೈಟ್ರಿಕ್ ಆಮ್ಲ. ಕ್ರೋಮಿಕ್ ಆಮ್ಲ ಬೇಡ: ಕ್ರೋಮಿಯಂ ಗೋಡೆಗೆ ಅಂಟಿಕೊಂಡು ತಾನೇ ಬೆಳಕು ಹೀರತೊಡಗುತ್ತದೆ. ಕ್ಷಾರದ ದ್ರಾವಣವನ್ನು ಕ್ಯುವೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟು ಹೋಗುವುದೂ ಬೇಡ, ಕ್ವಾರ್ಟ್ಜ್ ನಿಧಾನವಾಗಿ ಸವೆಯುತ್ತದೆ. ಪ್ಯಾರಸಿಟಮಾಲ್ ಓದಿಸಿದ ಮೇಲೆ ಕೂಡಲೇ ತೊಳೆಯಿರಿ.

ಚದುರಿದ ಬೆಳಕು, ಕದ್ದು ಬಂದ ಬೆಳಕು

ಮಾತ್ರೆಯಲ್ಲಿ ಔಷಧದ ಜೊತೆ ಪಿಷ್ಟ, ಟಾಲ್ಕ್, ಸ್ಟಿಯರೇಟ್ ಇರುತ್ತವೆ. ಸೋಸುವಾಗ ಸೂಕ್ಷ್ಮ ಕಣಗಳು ನುಸುಳಿದರೆ ಅವು ಬೆಳಕನ್ನು ಹೀರದಿದ್ದರೂ ಅಡ್ಡದಿಕ್ಕಿಗೆ ಚದುರಿಸುತ್ತವೆ. ಚದುರಿದ ಬೆಳಕು ಡಿಟೆಕ್ಟರ್ ಸೇರುವುದಿಲ್ಲ. ಉಪಕರಣದ ಲೆಕ್ಕದಲ್ಲಿ ಅದೂ ಹೀರಿಕೆಯೇ. ಪತ್ತೆ ಮಾಡುವುದು ಕಷ್ಟವಲ್ಲ. 257ರಲ್ಲಿ ಮಾತ್ರ ಓದಿಸದೆ 230ರಿಂದ 400ರವರೆಗೆ ಸ್ಕ್ಯಾನ್ ಮಾಡಿ. 350ರಲ್ಲಿ ಪ್ಯಾರಸಿಟಮಾಲ್ ಏನನ್ನೂ ಹೀರುವುದಿಲ್ಲ ಎನ್ನಬಹುದು, ಗೆರೆ ಅಲ್ಲಿ ಸೊನ್ನೆ ಮುಟ್ಟಬೇಕು. ಮುಟ್ಟದೆ 0.010ರಲ್ಲಿ ತೇಲುತ್ತಿದ್ದರೆ ಅದು ಚದುರುವಿಕೆ. 0.010 ತಾನೇ ಎಂದು ಬಿಡುವಂತಿಲ್ಲ: ತುಂಬ ಸಣ್ಣ ಕಣಗಳಲ್ಲಿ ಚದುರುವಿಕೆ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬೆಳೆಯುತ್ತದೆ. 350ರಿಂದ 257ಕ್ಕೆ ಇಳಿಯುವಷ್ಟರಲ್ಲಿ ಅದು ಸುಮಾರು 3.4 ಪಟ್ಟಾಗಿ 0.034 ಆಗಬಹುದು. 0.53ರ ರೀಡಿಂಗ್‌ನಲ್ಲಿ ಅದು ಶೇ. 6ಕ್ಕೂ ಹೆಚ್ಚು, ಫೇಲಾಗಬೇಕಾದ ಬ್ಯಾಚನ್ನು ಪಾಸು ಮಾಡಿಸಲು ಸಾಕು. ಸೋಸಿದ ದ್ರಾವಣದ ಮೊದಲ 10-20 ಮಿ.ಲೀ. ಚೆಲ್ಲಿ ಆಮೇಲಿನದನ್ನು ಬಳಸಿ; ಆಗಲೂ ಬೇಸ್‌ಲೈನ್ ಇಳಿಯದಿದ್ದರೆ 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್. ಒಂದೇ ತರಂಗದೂರದಲ್ಲಿ ಓದಿ ಮುಗಿಸುವ ಅಭ್ಯಾಸಕ್ಕಿಂತ ಪೂರ್ತಿ ಸ್ಕ್ಯಾನ್ ಮಾಡುವ ಅಭ್ಯಾಸ ಎಷ್ಟೋ ಮೇಲು. ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ ಅಷ್ಟೆ.

ಇದರ ತದ್ವಿರುದ್ಧ ತೊಂದರೆ ಸ್ಟ್ರೇ ಲೈಟ್: ದಾರಿ ತಪ್ಪಿ ಡಿಟೆಕ್ಟರ್ ಸೇರುವ, ನಾವು ಕೇಳದ ತರಂಗದೂರಗಳ ಬೆಳಕು. ಗ್ರೇಟಿಂಗ್‌ನ ಸಣ್ಣ ದೋಷ, ಕನ್ನಡಿಗಳ ಮೇಲಿನ ಧೂಳು, ಸರಿಯಾಗಿ ಮುಚ್ಚದ ಮುಚ್ಚಳ, ಎಲ್ಲವೂ ಇದಕ್ಕೆ ದಾರಿ. ಸ್ಟ್ರೇ ಲೈಟ್ ಶೇ. 0.1 ಮಾತ್ರ ಎನ್ನಿ. ನಿಜವಾದ ಅಬ್ಸಾರ್ಬೆನ್ಸ್ 1 ಇದ್ದಾಗ ಉಪಕರಣ 0.996 ತೋರಿಸುತ್ತದೆ, ಚಿಂತೆಯಿಲ್ಲ. 2 ಇದ್ದಾಗ 1.96. 3 ಇದ್ದಾಗ 2.70. ದ್ರಾವಣವನ್ನು ಎಷ್ಟೇ ಗಟ್ಟಿ ಮಾಡಿದರೂ ರೀಡಿಂಗ್ 3 ದಾಟಲಾರದು, ಏಕೆಂದರೆ ಆ ಸಾವಿರದಲ್ಲೊಂದು ಪಾಲು ಮಾದರಿಗೆ ಸಿಕ್ಕದೆ ಬಂದೇ ಬರುತ್ತದೆ. ಕ್ಯಾಲಿಬ್ರೇಶನ್ ಗೆರೆ (ಗೊತ್ತಿರುವ ಸಾರತೆಗಳ ಎದುರು ಅಬ್ಸಾರ್ಬೆನ್ಸ್ ಗುರುತಿಸಿದ ಗೆರೆ) ಮೇಲ್ತುದಿಯಲ್ಲಿ ಬಾಗಿದಾಗ ಬಿಯರ್ ನಿಯಮ ಮುರಿಯಿತೆಂದು ಬರೆಯುವವರು ಮೊದಲು ಸ್ಟ್ರೇ ಲೈಟ್ ನೋಡಬೇಕು. ಪರಿಹಾರ ಸರಳ, ದ್ರಾವಣ ತೆಳುವಾಗಿಸುವುದು. ತೆಳುವಾಗಿಸುವುದಕ್ಕೂ ಬೆಲೆಯಿದೆ: ಎ ದರ್ಜೆಯ 10 ಮಿ.ಲೀ. ಪಿಪೆಟ್‌ಗೆ 0.02 ಮಿ.ಲೀ. ವ್ಯತ್ಯಾಸದ ಅವಕಾಶ ಇರುತ್ತದೆ, ಅಂದರೆ ಪ್ರತಿ ಹಂತಕ್ಕೂ ಶೇ. 0.2. ಹಾಗಾಗಿ 1 ಮಿ.ಲೀ.ಯನ್ನು 1000 ಮಾಡುವುದಕ್ಕಿಂತ 10ನ್ನು 100 ಮಾಡುವ ಹಂತಗಳೇ ಒಳ್ಳೆಯವು.

ದ್ರಾವಕದ ಬಗ್ಗೆ ಎರಡು ಮಾತು. ಪ್ರತಿ ದ್ರಾವಕಕ್ಕೂ ತರಂಗದೂರದ ಒಂದು ಕೆಳಮಿತಿಯಿದೆ, ಅದಕ್ಕಿಂತ ಕೆಳಗೆ ಅದೇ ಬೆಳಕು ಹೀರುತ್ತದೆ. ನೀರು ಮತ್ತು ಅಸಿಟೊನೈಟ್ರೈಲ್‌ಗೆ ಸುಮಾರು 190, ಮೆಥನಾಲ್‌ಗೆ 205, ಎಥನಾಲ್‌ಗೆ 210, ಕ್ಲೋರೋಫಾರ್ಮ್‌ಗೆ 245, ಡಿಎಂಎಸ್‌ಒಗೆ 268, ಅಸಿಟೋನ್‌ಗೆ 330. ಅಸಿಟೋನ್‌ನಿಂದ ತೊಳೆದ ಕ್ಯುವೆಟ್ ಪೂರ್ತಿ ಒಣಗದಿದ್ದರೆ 265ರ ಆಸುಪಾಸಿನಲ್ಲಿ ಇಲ್ಲದ ಶಿಖರ ಹುಟ್ಟುತ್ತದೆ.

ಒಂದೇ ಜಾಗದಲ್ಲಿ ಹಲವರು ಹೀರಿದಾಗ

ಪ್ಯಾರಸಿಟಮಾಲ್ ಜೊತೆ ಕೆಫೀನ್ ಇರುವ ಮಾತ್ರೆಗೆ ಮೇಲಿನ ವಿಧಾನ ನಡೆಯದು. ಕೆಫೀನ್ ಶಿಖರ 273ರಲ್ಲಿದ್ದರೂ ಅದರ ಇಳಿಜಾರು 257ನ್ನು ಮುಚ್ಚುತ್ತದೆ. ಅಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ದ್ರವ ಕ್ರೊಮ್ಯಾಟೋಗ್ರಫಿ) ಯಲ್ಲಿ ಬೇರ್ಪಡಿಸಿ ಅಳೆಯಬೇಕು.

ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಇದೇ ತೊಡಕು ಡಿಎನ್‌ಎ ಅಳೆಯುವಾಗ ಬರುತ್ತದೆ. 260ರಲ್ಲಿ ಅಬ್ಸಾರ್ಬೆನ್ಸ್ 1 ಎಂದರೆ ಮಿ.ಲೀ.ಗೆ 50 ಮೈಕ್ರೋಗ್ರಾಂ ಜೋಡಿಯೆಳೆ ಡಿಎನ್‌ಎ, ಅಥವಾ 40 ಮೈಕ್ರೋಗ್ರಾಂ ಆರ್‌ಎನ್‌ಎ. ಯಾವುದೆಂದು ಉಪಕರಣಕ್ಕೆ ತಿಳಿಯದು. ಆರ್‌ಎನ್‌ಎಯನ್ನು ಒಡೆಯುವ ಆರ್‌ಎನ್‌ಏಸ್ ಕಿಣ್ವ ಹಾಕದೆ ತೆಗೆದ ಡಿಎನ್‌ಎಯಲ್ಲಿ ಆರ್‌ಎನ್‌ಎ ತುಂಬಿದ್ದರೂ ಅಂಕಿ ಸೊಗಸಾಗಿಯೇ ಇರುತ್ತದೆ; ಜೆಲ್‌ನಲ್ಲಿ ಓಡಿಸಿ ಬೇರ್ಪಡಿಸಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. 260 ಮತ್ತು 280ರ ಅನುಪಾತ ಶುದ್ಧ ಡಿಎನ್‌ಎಗೆ ಸುಮಾರು 1.8, ಆರ್‌ಎನ್‌ಎಗೆ 2.0. ಕಡಿಮೆಯಾದರೆ ಪ್ರೋಟೀನ್ ಎನ್ನುವುದು ರೂಢಿ, ಆದರೆ ಫೀನಾಲ್ ಉಳಿದಿದ್ದರೂ ಹಾಗಾಗುತ್ತದೆ, ಅದು 270ರಲ್ಲಿ ಹೀರುತ್ತದೆ. ಬಫರ್ ಬದಲು ಬರೀ ನೀರಿನಲ್ಲಿ ಕರಗಿಸಿದರೆ ಆಮ್ಲೀಯತೆಯಿಂದಲೇ ಅನುಪಾತ 0.2-0.3 ಇಳಿಯಬಹುದು. 260 ಮತ್ತು 230ರ ಅನುಪಾತ 2.0-2.2 ಇರಬೇಕು; ಕಿಟ್‌ಗಳಲ್ಲಿ ಬಳಸುವ ಗ್ವಾನಿಡೀನ್ ಲವಣ ಉಳಿದರೆ ಅದು ಕುಸಿಯುತ್ತದೆ.

ಕೊಳವೆಬಾವಿ ನೀರಿನ ನೈಟ್ರೇಟ್ ಪರೀಕ್ಷೆಯಲ್ಲಿ ಈ ಬೆರಕೆಯನ್ನು ಜಾಣತನದಿಂದ ಕಳೆಯುತ್ತಾರೆ. 50 ಮಿ.ಲೀ. ಸೋಸಿದ ನೀರಿಗೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿ 220 ಮತ್ತು 275 ಎರಡರಲ್ಲೂ ಓದಿಸುತ್ತಾರೆ. 220ರಲ್ಲಿ ನೈಟ್ರೇಟೂ ಕರಗಿದ ಸಾವಯವ ವಸ್ತುವೂ ಹೀರುತ್ತವೆ, 275ರಲ್ಲಿ ಸಾವಯವ ವಸ್ತು ಮಾತ್ರ. 275ರ ರೀಡಿಂಗನ್ನು ಎರಡರಿಂದ ಗುಣಿಸಿ 220ರದ್ದರಿಂದ ಕಳೆಯಬೇಕು. ಹಾಗೆ ಕಳೆಯುವ ಮೊತ್ತ 220ರ ರೀಡಿಂಗ್‌ನ ಶೇ. 10 ಮೀರಿದರೆ ಈ ವಿಧಾನವನ್ನೇ ಬಿಡಬೇಕು, ಚರಂಡಿ ಸೇರಿದ ಕೆರೆ ನೀರಿನಲ್ಲಿ ಸಾಮಾನ್ಯವಾಗಿ ಆಗುವುದು ಅದೇ. ಕುಡಿಯುವ ನೀರಿನ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಈ ವಿಧಾನದ ಕ್ಯಾಲಿಬ್ರೇಶನ್ ಗೆರೆಯನ್ನು ಸಾಮಾನ್ಯವಾಗಿ ಸುಮಾರು 31ರವರೆಗೆ ಮಾತ್ರ ಮಾಡಿಕೊಳ್ಳುತ್ತಾರೆ. ಮಿತಿಯ ಹತ್ತಿರದ ನೀರನ್ನು ತೆಳುವಾಗಿಸದೆ ಓದಿಸಿದರೆ ನಿಜಕ್ಕಿಂತ ಕಡಿಮೆ ತೋರಿಸಬಹುದು. ಕುಡಿಯುವ ನೀರಿನ ವಿಷಯದಲ್ಲಿ ತಪ್ಪು ಆ ಕಡೆಗೆ ವಾಲುವುದು ಅಪಾಯ.

ಉಪಕರಣವನ್ನೇ ಪರೀಕ್ಷಿಸುವುದು

ಗಾಜಿಯಾಬಾದ್‌ನ ಆಯೋಗ ಪ್ರಕಟಿಸುವ ಭಾರತೀಯ ಫಾರ್ಮಕೋಪಿಯಾ ಸೇರಿದಂತೆ ಪ್ರಮುಖ ಫಾರ್ಮಕೋಪಿಯಾಗಳು ಉಪಕರಣದ ತಪಾಸಣೆಗೆ ಕ್ರಮ ಹೇಳುತ್ತವೆ. ತರಂಗದೂರ ಸರಿಯಿದೆಯೇ ನೋಡಲು ಪರ್ಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಹೋಲ್ಮಿಯಂ ಆಕ್ಸೈಡ್: ಅದರ ಚೂಪು ಶಿಖರಗಳು 241, 287, 361, 536ರ ಹತ್ತಿರ ಬೀಳಬೇಕು. ದ್ರಾವಣ ಕೈಯಲ್ಲಿಲ್ಲದಿದ್ದರೆ ಡ್ಯುಟೀರಿಯಂ ದೀಪದ್ದೇ 486.0 ಮತ್ತು 656.1ರ ಗೆರೆಗಳನ್ನು ನೋಡಬಹುದು. ಅಬ್ಸಾರ್ಬೆನ್ಸ್‌ನ ನಿಖರತೆಗೆ ಲೀಟರಿಗೆ ಸುಮಾರು 60 ಮಿಲಿಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್, ಅದೂ ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ. ಬರೀ ನೀರಿನಲ್ಲಿ ಮಾಡಿದರೆ ಡೈಕ್ರೋಮೇಟ್ ಒಂದಿಷ್ಟು ಕ್ರೋಮೇಟ್ ಆಗಿ ಮಾರ್ಪಟ್ಟು ಅಂಕಿಗಳೇ ಬದಲಾಗುತ್ತವೆ. ಸ್ಲಿಟ್‌ನ ಬಿಗಿಗೆ ಹೆಕ್ಸೇನ್‌ನಲ್ಲಿ ಶೇ. 0.02 ಟಾಲ್ವೀನ್: 269ರ ಶಿಖರಕ್ಕೂ 266ರ ಕಣಿವೆಗೂ ಇರುವ ಅನುಪಾತ ನೋಡುತ್ತಾರೆ. ಬ್ಯಾಂಡ್‌ವಿಡ್ತ್, ಅಂದರೆ ಸ್ಲಿಟ್‌ನಿಂದ ಹೊರಬರುವ ತರಂಗದೂರದ ಪಟ್ಟಿ, ಅಗಲವಾದಷ್ಟೂ ಶಿಖರ ತಗ್ಗಿ ಕಣಿವೆ ತುಂಬುತ್ತದೆ. ಪ್ಯಾರಸಿಟಮಾಲ್‌ನಂಥ ಅಗಲ ಶಿಖರಕ್ಕೆ 2 ನ್ಯಾನೋಮೀಟರ್ ಬ್ಯಾಂಡ್‌ವಿಡ್ತ್ ಧಾರಾಳ ಸಾಕು.

ಸ್ಟ್ರೇ ಲೈಟ್‌ಗೆ ಲೀಟರಿಗೆ 12 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಈ ದ್ರಾವಣ 200ಕ್ಕಿಂತ ಕೆಳಗಿನ ಬೆಳಕನ್ನು ಪೂರ್ತಿ ತಡೆಯುತ್ತದೆ, ಆದ್ದರಿಂದ 198ರಲ್ಲಿ ರೀಡಿಂಗ್ 2ಕ್ಕಿಂತ ಮೇಲೆ ಬರಬೇಕು. ಬಾರದಿದ್ದರೆ ಡಿಟೆಕ್ಟರ್ ಸೇರುತ್ತಿರುವುದು ಬೇರೆ ತರಂಗದೂರದ ಬೆಳಕು. ಎಲ್ಲಕ್ಕಿಂತ ಮೊದಲು ಫೇಲಾಗುವ ಪರೀಕ್ಷೆ ಹೆಚ್ಚಾಗಿ ಇದೇ. ದೀಪ ಹಳತಾದಂತೆ 200ರ ಕೆಳಗಿನ ಅದರ ಬೆಳಕು ಮೊದಲು ಕುಂದುತ್ತದೆ, ಕನ್ನಡಿಗಳು ಮಂಕಾದಾಗಲೂ ಪೆಟ್ಟು ಬೀಳುವುದು ಅಲ್ಲೇ. ಕೇಳಿದ ಬೆಳಕು ಕಡಿಮೆಯಾದಷ್ಟೂ ಕದ್ದು ಬಂದ ಬೆಳಕಿನ ಪಾಲು ದೊಡ್ಡದಾಗುತ್ತದೆ. ಡ್ಯುಟೀರಿಯಂ ದೀಪ 1000ದಿಂದ 2000 ಗಂಟೆ ಬಾಳುತ್ತದೆ. ಬರೀ ಗೋಚರ ಬೆಳಕಿನ ಕೆಲಸವಿರುವ ದಿನ ಅದನ್ನು ಆರಿಸಿಡಿ. ಹೊಸ ದೀಪ ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಾಕಿದ ಮೇಲೆ ಈ ನಾಲ್ಕು ಪರೀಕ್ಷೆಗಳನ್ನೂ ಮತ್ತೆ ಮಾಡಿ, ದಿನಾಂಕ ಮತ್ತು ದೀಪದ ಗಂಟೆಗಳ ಸಮೇತ ಲಾಗ್‌ಬುಕ್‌ನಲ್ಲಿ ಬರೆದಿಡಿ.